ಬಿಸಿಲು ಒಳಗಿಳಿಯುವ ಎರಡು ದಾರಿ: ಖಿನ್ನತೆ, ಉರಿಯೂತ, ವಿಟಮಿನ್ ಡಿ ಮತ್ತು ಕಣ್ಣು

(ಸಾರ್ವಜನಿಕ ಗ್ರಂಥಾಲಯದ ಸಭಾಂಗಣದಲ್ಲಿ ನಾನು ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಣ್ಣು ತೋರಿಸಲು ನನ್ನ ಬಳಿ ಬರುವವರ ಕೈಚೀಲದಲ್ಲಿ ಈಗೀಗ ಮೂರು ಚೀಟಿಗಳು ಒಟ್ಟಿಗೇ ಇರುತ್ತವೆ. ಒಂದು, ಮನೋವೈದ್ಯರು ಬರೆದುಕೊಟ್ಟ ಖಿನ್ನತೆಯ ಮಾತ್ರೆಯದು. ಇನ್ನೊಂದು ರಕ್ತಪರೀಕ್ಷೆಯ ವರದಿ. ಅದರಲ್ಲಿ ವಿಟಮಿನ್ ಡಿ ಎಂಬ ಸಾಲಿನ ಮುಂದೆ ಸಣ್ಣದೊಂದು ಅಂಕಿ, ಪಕ್ಕದಲ್ಲಿ ಕಡಿಮೆ ಎಂಬ ಗುರುತು. ಮೂರನೆಯದು ಔಷಧದ ಅಂಗಡಿಯಲ್ಲಿ ಕೇಳಿ ತಂದ ಕಣ್ಣಿನ ಹನಿಯ ರಸೀದಿ. ಮೂರೂ ಒಂದೇ ದೇಹದವು. ಆದರೆ ಅವನ್ನು ಕೊಟ್ಟವರು ಒಬ್ಬರೊಡನೊಬ್ಬರು ಮಾತನಾಡಿರುವುದಿಲ್ಲ. ಹಾಗಾಗಿ ರೋಗಿಯೇ ಮೂರನ್ನೂ ಜೋಡಿಸಿಕೊಂಡು ಕೇಳುತ್ತಾರೆ: "ಡಾಕ್ಟರೇ, ಎಲ್ಲಕ್ಕೂ ವಿಟಮಿನ್ ಡಿ ಕಡಿಮೆಯಾಗಿರುವುದೇ ಮೂಲವಂತೆ. ಅದೊಂದನ್ನು ಸರಿಮಾಡಿಕೊಂಡರೆ ಕಣ್ಣುರಿಯೂ ಹೋಗುತ್ತದೆ, ಮನಸ್ಸಿನ ಭಾರವೂ ಇಳಿಯುತ್ತದೆ ಎನ್ನುತ್ತಾರೆ. ನಿಜವೇ?"

ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಖಿನ್ನತೆ, ಉರಿಯೂತ, ವಿಟಮಿನ್ ಡಿ, ಕಣ್ಣು, ಈ ನಾಲ್ಕರ ನಡುವೆ ನಂಟು ಇದ್ದೇ ಇದೆ. ಅವುಗಳಲ್ಲಿ ಕೆಲವು ಗಟ್ಟಿ, ಕೆಲವು ಸಡಿಲ, ಒಂದೆರಡು ಮೇಲ್ನೋಟಕ್ಕೆ ಮಾತ್ರ. ಯಾವುದು ಎಂಥದ್ದು ಎಂದು ಬಿಡಿಸಿ ಹೇಳಲೇಬೇಕು. ಸಡಿಲವಾದದ್ದನ್ನು ಗಟ್ಟಿಯೆಂದು ನಂಬಿ, ಖಿನ್ನತೆಯ ಚಿಕಿತ್ಸೆಯನ್ನೇ ಕೈಬಿಟ್ಟು, ವಿಟಮಿನ್ ಪುಡಿಯ ಮೇಲೆ ಭಾರ ಹಾಕಿ ಕುಳಿತವರನ್ನು ನಾನು ಕಂಡಿದ್ದೇನೆ. ಅಂಥವರಿಗಾಗಿಯೇ ಈ ಉಪನ್ಯಾಸಕ್ಕೆ ಒಪ್ಪಿಕೊಂಡೆ.

ಉರಿಯೂತದಿಂದ, ಅಂದರೆ ಸೋಂಕು ಪೆಟ್ಟುಗಳ ವಿರುದ್ಧ ದೇಹ ಹೂಡುವ ಕಾದಾಟದಿಂದ, ಆರಂಭಿಸುತ್ತೇನೆ. ಕೀಲಿನೊಳಗೋ ಕರುಳಿನೊಳಗೋ ಉರಿಯೂತವಾದರೆ ಅದನ್ನು ರಕ್ತಪರೀಕ್ಷೆಯಿಂದಲೋ ಸ್ಕ್ಯಾನ್‌ನಿಂದಲೋ ತಿಳಿಯಬೇಕು. ಕಣ್ಣಿನಲ್ಲಾದರೆ ಕಣ್ಣಾರೆ ನೋಡಬಹುದು. ರೋಗಿ ಸ್ಲಿಟ್ ಲ್ಯಾಂಪ್ ಯಂತ್ರದ ಪಟ್ಟಿಗೆ ಹಣೆಯೊತ್ತಿ ಕೂರುತ್ತಾರೆ. ಕೋಣೆಯ ದೀಪ ಆರಿಸಿ, ಬೆಳಕಿನ ಕಿಂಡಿಯನ್ನು ಒಂದು ಮಿಲಿಮೀಟರಿಗೆ ಇಳಿಸಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಹಿಂದಿರುವ ತಿಳಿನೀರಿಗೆ ಅದನ್ನು ಓರೆಯಾಗಿ ಹಾಯಿಸುತ್ತೇನೆ. ಆರೋಗ್ಯವಂತ ಕಣ್ಣಿನಲ್ಲಿ ಆ ಜಾಗ ಪೂರ್ತಿ ಕಪ್ಪು. ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ, ಆದವರ ಕಣ್ಣಿನಲ್ಲಿ, ಹೆಂಚಿನ ಸಂದಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ದೂಳು ತೇಲುವ ಹಾಗೆ, ಬಿಳಿರಕ್ತಕಣಗಳು ತೇಲುತ್ತಿರುತ್ತವೆ. ಅವನ್ನು ಎಣಿಸಬಹುದು. ಎಣಿಸಿಯೇ ರೋಗದ ತೀವ್ರತೆಯನ್ನು ಬರೆದುಕೊಳ್ಳುತ್ತೇವೆ.

ಆ ಕಣಗಳನ್ನು ಅಲ್ಲಿಗೆ ಕರೆಸಿಕೊಳ್ಳುವುದು ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನ್‌ಗಳು. ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾ ಎಂಬ ಎರಡು ಹೆಸರುಗಳನ್ನು ಸದ್ಯಕ್ಕೆ ನೆನಪಿಟ್ಟುಕೊಳ್ಳಿ. ಕಣ್ಣಿನ ಡಾಕ್ಟರುಗಳು ಓದುವ ನಿಯತಕಾಲಿಕೆಗಳಲ್ಲಿ ಇವು ಎಷ್ಟು ಬರುತ್ತವೆಯೋ ಮನೋವೈದ್ಯರು ಓದುವವುಗಳಲ್ಲೂ ಈಗ ಅಷ್ಟೇ ಬರುತ್ತವೆ. ಹೇಗೆ ಎಂದು ಕೇಳಿ.

ಜ್ವರ ಬಂದ ದಿನವನ್ನು ನೆನೆಸಿಕೊಳ್ಳಿ. ಊಟ ಸೇರುವುದಿಲ್ಲ, ಯಾರೊಡನೆಯೂ ಮಾತು ಬೇಡ, ಇಷ್ಟದ ಹಾಡೂ ಕಿರಿಕಿರಿ, ಹೊದ್ದು ಮಲಗಿದರೆ ಸಾಕು ಅನ್ನಿಸುತ್ತದೆ. ಇದನ್ನು ಮಾಡಿಸುವುದು ರೋಗಾಣುವಲ್ಲ, ರೋಗಾಣುವಿನ ವಿರುದ್ಧ ನಮ್ಮದೇ ದೇಹ ಹೊರಡಿಸಿದ ಸೈಟೊಕೈನ್‌ಗಳು. ಹಸು, ನಾಯಿ, ಇಲಿಗಳಲ್ಲೂ ಹೀಗೆಯೇ. ಶಕ್ತಿಯನ್ನು ಉಳಿಸಿ ಸೋಂಕಿನ ಮೇಲೆ ಹೂಡಲು ದೇಹ ಕಂಡುಕೊಂಡ ಉಪಾಯ ಇದು ಎಂದು 1988ರಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ ವಾದಿಸಿದರು. ಜ್ವರ ಇಳಿದ ಮೇಲೆ ಈ ಸ್ಥಿತಿಯೂ ಇಳಿಯಬೇಕು. ಸೋಂಕಿಲ್ಲದೆಯೂ ಸೈಟೊಕೈನ್‌ಗಳು ತಿಂಗಳುಗಟ್ಟಲೆ ಏರಿಯೇ ಇದ್ದರೆ?

ಅದಕ್ಕೆ ಉತ್ತರ ಸಿಕ್ಕಿದ್ದು ಒಂದು ಔಷಧದಿಂದ. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಕಾಯಿಲೆಗೆ ಬಹಳ ಕಾಲ ಇಂಟರ್‌ಫೆರಾನ್-ಆಲ್ಫಾ ಎಂಬ ಸೈಟೊಕೈನನ್ನೇ ಚುಚ್ಚುಮದ್ದಾಗಿ ಕೊಡುತ್ತಿದ್ದರು. ಆರು ತಿಂಗಳೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತಿತ್ತು. ಮನೆಯಲ್ಲಿ ಜಗಳವಿಲ್ಲ, ಸಾವಿಲ್ಲ, ಸಾಲವಿಲ್ಲ; ಚುಚ್ಚುಮದ್ದು ಶುರುವಾದ ಮೇಲೆ ಖಿನ್ನತೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೂ ಇದನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಿದ್ದರು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಂಟರ್‌ಫೆರಾನ್ ಆರಂಭಿಸುವ ಎರಡು ವಾರ ಮೊದಲೇ 20 ಮಂದಿಗೆ ಪರಾಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟರು, 20 ಮಂದಿಗೆ ಔಷಧವೇ ಇಲ್ಲದ ಸುಳ್ಳು ಮಾತ್ರೆ. ಸುಳ್ಳು ಮಾತ್ರೆಯ ಗುಂಪಿನಲ್ಲಿ ಶೇ 45ರಷ್ಟು ಜನರಿಗೆ ಖಿನ್ನತೆ ಬಂತು, ನಿಜವಾದ ಮಾತ್ರೆಯ ಗುಂಪಿನಲ್ಲಿ ಶೇ 11ರಷ್ಟು ಜನರಿಗೆ. ಉರಿಯೂತ ಖಿನ್ನತೆಯನ್ನು ತರಬಲ್ಲದು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಬೇರೆಡೆ ಸಿಗುವುದು ಕಷ್ಟ.

ಹಾಗಾದರೆ ಉರಿಯೂತವನ್ನು ತಗ್ಗಿಸಿದರೆ ಖಿನ್ನತೆ ಹೋಗಬೇಕಲ್ಲವೇ? ಇಲ್ಲಿ ವಿಷಯ ಸೂಕ್ಷ್ಮವಾಗುತ್ತದೆ. ಸಂಧಿವಾತಕ್ಕೂ, ಹಠ ಹಿಡಿದ ಯುವಿಯೈಟಿಸ್‌ಗೂ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ ಟಿಎನ್‌ಎಫ್ ಅನ್ನು ಕಟ್ಟಿಹಾಕುತ್ತದೆ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ, ಮಾತ್ರೆಗಳಿಗೆ ಜಗ್ಗದ ಖಿನ್ನತೆಯಿದ್ದ 60 ಜನರ ಮೇಲೆ ಇದನ್ನು ಪರೀಕ್ಷಿಸಿದರು. 2013ರಲ್ಲಿ ಫಲಿತಾಂಶ ಅಚ್ಚಾಯಿತು. ಒಟ್ಟಾರೆ ನೋಡಿದರೆ ಲಾಭವಿಲ್ಲ. ಆದರೆ ಸಿಆರ್‌ಪಿ ಎಂಬ ಉರಿಯೂತದ ಸೂಚಕ ರಕ್ತದಲ್ಲಿ ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿದ್ದವರು ಸುಧಾರಿಸಿದರು, ಕಡಿಮೆ ಇದ್ದವರಿಗೆ ಸುಳ್ಳು ಔಷಧವೇ ವಾಸಿಯಾಗಿತ್ತು. ಅಂದರೆ ಎಲ್ಲ ಖಿನ್ನತೆಯೂ ಉರಿಯೂತದಿಂದ ಬಂದದ್ದಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಖಿನ್ನತೆಯಿರುವವರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಜನರಲ್ಲಿ ಮಾತ್ರ ಸಿಆರ್‌ಪಿ 3 ದಾಟಿರುತ್ತದೆ. ಉಳಿದವರಿಗೆ ಉರಿಯೂತದ ಕಥೆ ಹೇಳಿ ಪ್ರಯೋಜನವಿಲ್ಲ. ಅವರ ನೋವಿಗೆ ಬೇರೆ ಮೂಲಗಳಿವೆ, ಅವೂ ಅಷ್ಟೇ ನಿಜ.

ಈಗ ನನ್ನ ಕೋಣೆಗೆ ಬನ್ನಿ. ಹೊಲಿಗೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಬಂದಿದ್ದರು. ಕಣ್ಣುರಿ ತಡೆಯಲಾಗುತ್ತಿಲ್ಲ, ಸೂಜಿಗೆ ದಾರ ಪೋಣಿಸುವುದಕ್ಕೂ ಆಗುತ್ತಿಲ್ಲ ಎಂದರು. ಮೂರು ಬಗೆಯ ಹನಿಗಳನ್ನು ಹಾಕಿಕೊಂಡು ಸಾಕಾಗಿತ್ತು. ಒಣಗಣ್ಣಿನ ಪರೀಕ್ಷೆ ಸರಳ. ಕೆಳರೆಪ್ಪೆಯ ಅಂಚಿಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಣ್ಣು ಮುಚ್ಚಿಸುತ್ತೇವೆ, ಪಟ್ಟಿ ಎಷ್ಟು ಮಿಲಿಮೀಟರ್ ನೆನೆಯಿತು ಎಂದು ಅಳೆಯುತ್ತೇವೆ. ಆಮೇಲೆ ಕಿತ್ತಳೆ ಬಣ್ಣದ ಫ್ಲೋರೆಸೀನ್ ಪಟ್ಟಿಯನ್ನು ಒಳರೆಪ್ಪೆಗೆ ಮುಟ್ಟಿಸಿ ನೀಲಿ ಬೆಳಕು ಬಿಟ್ಟರೆ ಕಣ್ಣಿನ ಮೇಲೆ ಹಸಿರು ಹೊಳಪಿನ ತೆಳುಪದರ ಹರಡಿಕೊಳ್ಳುತ್ತದೆ. ರೆಪ್ಪೆ ಮಿಟುಕಿಸದೆ ನೋಡಿ ಎಂದು ಹೇಳಿ ಸೆಕೆಂಡುಗಳನ್ನು ಎಣಿಸುತ್ತೇನೆ. ಹತ್ತು ಸೆಕೆಂಡಿನೊಳಗೆ ಆ ಹಸಿರಿನಲ್ಲಿ ಕಪ್ಪು ಮಚ್ಚೆಗಳು ಬಿರಿದರೆ ಕಣ್ಣೀರಿನ ಪದರ ನಿಲ್ಲುತ್ತಿಲ್ಲವೆಂದು ಅರ್ಥ. ಆಕೆಯ ಕಾಗದ ಚೆನ್ನಾಗಿಯೇ ನೆನೆದಿತ್ತು. ಹಸಿರು ಪದರವೂ ಒಂದಿಷ್ಟು ಬೇಗ ಒಡೆಯಿತೇ ವಿನಾ ಕಾರ್ನಿಯಾದಲ್ಲಿ ಗಾಯವಿರಲಿಲ್ಲ. ನೋವಿನ ತೀವ್ರತೆಗೂ ಕಣ್ಣಿನ ಸ್ಥಿತಿಗೂ ತಾಳೆಯಾಗಲಿಲ್ಲ.

"ನಿದ್ದೆ ಹೇಗಿದೆಯಮ್ಮಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ. ಆಮೇಲೆ ಇಲ್ಲ" ಎಂದರು. ಆಗ ಎರಡು ಪ್ರಶ್ನೆ ಕೇಳಿದೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯೇ? ಮನಸ್ಸು ಕುಗ್ಗಿದೆ, ದಾರಿ ಕಾಣುತ್ತಿಲ್ಲ ಅನ್ನಿಸಿದೆಯೇ? ಪಿಎಚ್‌ಕ್ಯು-2 ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಶ್ನೆಗಳಿವು, ಒಂದು ನಿಮಿಷವೂ ಹಿಡಿಯುವುದಿಲ್ಲ. ಎರಡಕ್ಕೂ ಆಕೆ, ಹೆಚ್ಚುಕಡಿಮೆ ದಿನವೂ, ಎಂದರು. ಗಂಡ ತೀರಿಹೋಗಿದ್ದನ್ನು ಅದಾದ ಮೇಲೆ ಹೇಳಿದರು.

ಆಕೆಯ ಕಣ್ಣುರಿ ಸುಳ್ಳಲ್ಲ, ಬರೀ ಮನಸ್ಸಿನ ಭ್ರಮೆಯೂ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ "ಎಲ್ಲ ನಿಮ್ಮ ತಲೆಯಲ್ಲಿದೆ" ಎಂಬ ಮಾತನ್ನು ಇಂಥವರು ಈಗಾಗಲೇ ಕೇಳಿಸಿಕೊಂಡು ನೊಂದಿರುತ್ತಾರೆ. ಇಡೀ ದೇಹದಲ್ಲಿ ಅತಿ ದಟ್ಟವಾಗಿ ನರಗಳಿರುವ ಅಂಗಾಂಶಗಳಲ್ಲಿ ಕಾರ್ನಿಯಾ ಒಂದು. ಒಣಗಣ್ಣು ಬಹಳ ಕಾಲ ಉಳಿದರೆ ಮೇಲ್ಮೈಯಲ್ಲಿ ಉರಿಯೂತ ಹುಟ್ಟುತ್ತದೆ, ಉರಿಯೂತ ನರತುದಿಗಳನ್ನು ಕೆರಳಿಸುತ್ತದೆ, ಖಿನ್ನತೆ ಮತ್ತು ನಿದ್ರಾಹೀನತೆ ಮಿದುಳಿನ ನೋವು ತಡೆಯುವ ವ್ಯವಸ್ಥೆಯನ್ನು ಸಡಿಲಿಸುತ್ತವೆ. ಒಣಗಣ್ಣಿನ ತಜ್ಞರ ಅಂತರರಾಷ್ಟ್ರೀಯ ಸಮಿತಿ 2017ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ ಉರಿಯೂತವೂ ಇದೆ, ನರಸಂವೇದನೆಯ ದೋಷವೂ ಇದೆ. ಒಣಗಣ್ಣು ಇರುವವರಲ್ಲಿ ಖಿನ್ನತೆ ಹೆಚ್ಚು ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇದಕ್ಕೆ ವಿರುದ್ಧವಾದವರೂ ಬರುತ್ತಾರೆ: ಹಳೆಯ ಸಕ್ಕರೆ ಕಾಯಿಲೆಯವರ ಕಾರ್ನಿಯಾದ ತುಂಬ ಚುಕ್ಕೆ ಚುಕ್ಕೆ ಗಾಯಗಳಿದ್ದರೂ ನರಗಳು ಮಂದವಾಗಿರುವುದರಿಂದ "ಏನೂ ತೊಂದರೆಯಿಲ್ಲ" ಎನ್ನುತ್ತಾರೆ.

ಆ ಹೆಣ್ಣುಮಗಳಿಗೆ ಕೃತಕ ಕಣ್ಣೀರಿನ ಹನಿ, ರೆಪ್ಪೆಗೆ ಬಿಸಿಬಟ್ಟೆಯ ಶಾಖ, ಜೊತೆಗೆ ಮನೋವೈದ್ಯರಿಗೊಂದು ಪತ್ರ ಕೊಟ್ಟೆ. ಪತ್ರದಲ್ಲಿ ಒಂದು ಸಾಲು ವಿಶೇಷವಾಗಿ ಬರೆದೆ: ಒಣಗಣ್ಣು ಇದೆ, ಔಷಧ ಆರಿಸುವಾಗ ಗಮನದಲ್ಲಿರಲಿ. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಗುಂಪಿನ ಮಾತ್ರೆಗಳು ಬಾಯಿಯನ್ನು ಒಣಗಿಸುವಂತೆ ಕಣ್ಣನ್ನೂ ಒಣಗಿಸುತ್ತವೆ. ಇಂಥ ಒಂದು ಸಾಲಿನ ಪತ್ರ ಹೋಗದೇ ಇರುವುದರಿಂದ ಎಷ್ಟು ಜನ ಒಂದು ಕಾಯಿಲೆಯ ಔಷಧದಿಂದ ಇನ್ನೊಂದನ್ನು ಹೆಚ್ಚಿಸಿಕೊಂಡು ಓಡಾಡುತ್ತಿದ್ದಾರೆ ಎಂದು ನೆನೆದರೆ ಸಂಕಟವಾಗುತ್ತದೆ.

ಇನ್ನು ವಿಟಮಿನ್ ಡಿ. ಚರ್ಮದಲ್ಲಿರುವ ಕೊಲೆಸ್ಟ್ರಾಲ್ ಜಾತಿಯ ಒಂದು ವಸ್ತುವಿನ ಮೇಲೆ ಬಿಸಿಲಿನ ಯುವಿ-ಬಿ ಎಂಬ ಅತಿನೇರಳೆ ಕಿರಣ ಬಿದ್ದಾಗ ಇದು ಹುಟ್ಟುತ್ತದೆ. ಯಕೃತ್ತು ಅದಕ್ಕೊಂದು ರೂಪ ಕೊಡುತ್ತದೆ. ನಿಮ್ಮ ವರದಿಯಲ್ಲಿ ಅಳೆಯುವುದು ಅದನ್ನೇ. ಮೂತ್ರಪಿಂಡ ಕೊನೆಯ, ಸಕ್ರಿಯ ರೂಪ ಕೊಡುತ್ತದೆ. ಮೂಳೆಗೆ ಅದು ಬೇಕೇ ಬೇಕು, ಆ ಬಗ್ಗೆ ಯಾರಲ್ಲೂ ಭಿನ್ನಮತವಿಲ್ಲ. ರೋಗನಿರೋಧಕ ಕೋಶಗಳಲ್ಲೂ ಮಿದುಳಿನಲ್ಲೂ ಕಣ್ಣಿನ ಅಂಗಾಂಶಗಳಲ್ಲೂ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಹಾಗಾಗಿ ನಿರೀಕ್ಷೆ ಹುಟ್ಟಿದ್ದು ಸಹಜ. ಖಿನ್ನತೆಯಿರುವವರ ರಕ್ತದಲ್ಲಿ ಅದು ಕಡಿಮೆ, ಒಣಗಣ್ಣಿನವರಲ್ಲಿ ಕಡಿಮೆ, ಯುವಿಯೈಟಿಸ್‌ನವರಲ್ಲಿ ಕಡಿಮೆ. ಒಂದರ ಮೇಲೊಂದು ಅಧ್ಯಯನ ಇದನ್ನೇ ಹೇಳಿತು.

ಆದರೆ ಕಡಿಮೆ ಇರುವುದೇ ಕಾರಣ ಎಂದು ಹೇಗೆ ಹೇಳುವುದು? ಖಿನ್ನತೆ ಬಂದವರು ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಕಣ್ಣು ಕಾಣದವರೂ, ಬೆಳಕಿಗೆ ಕಣ್ಣು ಬಿಡಲಾಗದವರೂ ಅಷ್ಟೇ. ಬಿಸಿಲಿಲ್ಲದೆ ವಿಟಮಿನ್ ಇಳಿಯುತ್ತದೆ. ಇದಕ್ಕಿಂತ ಕುತೂಹಲದ ಸಂಗತಿಯೊಂದಿದೆ. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ರಕ್ತವನ್ನು ಮೊದಲೂ ಆಮೇಲೂ ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಉರಿಯೂತದಿಂದ ಸಿಆರ್‌ಪಿ ಏರಿದಾಗ ಕೆಲವೇ ದಿನಗಳಲ್ಲಿ ವಿಟಮಿನ್ ಡಿ ಅಂಕಿ ಸುಮಾರು ಶೇ 40ರಷ್ಟು ಕುಸಿದಿತ್ತು. ಅವರೇನು ಆ ಕೆಲವು ದಿನಗಳಲ್ಲಿ ಊಟ ಬಿಸಿಲು ಬಿಟ್ಟು ಕೊರತೆ ತಂದುಕೊಂಡವರಲ್ಲ. ಉರಿಯೂತವೇ ಅಂಕಿಯನ್ನು ಇಳಿಸಿತ್ತು. ಯುವಿಯೈಟಿಸ್ ಕೆರಳಿದ ದಿನ ರಕ್ತ ತೆಗೆದು, ಕಡಿಮೆ ಇದೆ, ಅದಕ್ಕೇ ರೋಗ ಬಂತು ಎನ್ನುವುದು ಎಷ್ಟು ಅವಸರದ ತೀರ್ಮಾನ ಎಂದು ಇದರಿಂದ ತಿಳಿಯುತ್ತದೆ.

ಕಾರಣವೋ ಅಲ್ಲವೋ ಎಂದು ತಿಳಿಯಲು ಒಂದೇ ಗಟ್ಟಿ ದಾರಿ, ಸಾವಿರಾರು ಜನರಿಗೆ ಚೀಟಿ ಎತ್ತಿದ ಹಾಗೆ ಯಾರಿಗೆ ಯಾವುದೆಂದು ಹಂಚಿ, ಅರ್ಧ ಜನರಿಗೆ ವಿಟಮಿನ್, ಅರ್ಧ ಜನರಿಗೆ ಸುಳ್ಳು ಮಾತ್ರೆ ಕೊಟ್ಟು ವರ್ಷಗಳ ಕಾಲ ಕಾಯುವುದು. ಬಾಸ್ಟನ್‌ನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯವರು ವೈಟಲ್ ಎಂಬ ಹೆಸರಿನಲ್ಲಿ ಅದನ್ನು ಮಾಡಿದರು. 25,871 ಜನ, ದಿನಕ್ಕೆ 2,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ, ಐದು ವರ್ಷಕ್ಕೂ ಮಿಗಿಲಾದ ಅವಧಿ. ಅವರಲ್ಲಿ ಖಿನ್ನತೆಯ ಅಧ್ಯಯನಕ್ಕೆ ಅರ್ಹರಾಗಿದ್ದ 18,353 ಜನರ ಫಲಿತಾಂಶ 2020ರಲ್ಲಿ ಬಂತು: ಖಿನ್ನತೆ ಬರುವುದನ್ನು ವಿಟಮಿನ್ ಡಿ ತಡೆಯಲಿಲ್ಲ. ವಯಸ್ಸಾದವರ ಕಣ್ಣಿನ ಹಿಂಪರದೆಯಾದ ರೆಟಿನಾದ ನಡುಭಾಗ ಸವೆಯುವ ಮ್ಯಾಕ್ಯುಲಾ ಕಾಯಿಲೆಯನ್ನೂ ತಡೆಯಲಿಲ್ಲ. ಆದರೆ ಅದೇ ಪ್ರಯೋಗದ 2022ರ ವರದಿಯಲ್ಲಿ, ದೇಹ ತನ್ನನ್ನೇ ತಾನು ಬಾಧಿಸಿಕೊಳ್ಳುವ ಸ್ವಯಂನಿರೋಧಕ ಕಾಯಿಲೆಗಳು ವಿಟಮಿನ್ ಪಡೆದವರಲ್ಲಿ ಶೇ 22ರಷ್ಟು ಕಡಿಮೆಯಾಗಿದ್ದವು. ಉರಿಯೂತಕ್ಕೂ ವಿಟಮಿನ್ ಡಿಗೂ ನಿಜವಾದ ನಂಟೊಂದಿದೆ ಎಂದು ನಾನು ನಂಬುವುದು ಈ ಕಾರಣಕ್ಕೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಪ್ರಯೋಗದಲ್ಲಿದ್ದ ಬಹುಪಾಲು ಜನರಿಗೆ ಕೊರತೆಯೇ ಇರಲಿಲ್ಲ. ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿಳಿದವರಿಗೆ, ಮೂಳೆ ಮಾಂಸಖಂಡ ನೋಯುತ್ತಿರುವವರಿಗೆ, ಅದನ್ನು ಸರಿಪಡಿಸುವುದು ಅಗತ್ಯ. ಅದರಿಂದ ಮೈಕೈ ನೋವು, ದಣಿವು ಇಳಿದು ಮನಸ್ಸಿಗೂ ಹಗುರವೆನಿಸಬಹುದು. ಕೊರತೆ ತುಂಬಿಸಿಕೊಳ್ಳಿ, ಅದು ಸರಿಯೇ. ಅದನ್ನೇ ಖಿನ್ನತೆಯ ಮದ್ದು ಎಂದುಕೊಳ್ಳಬೇಡಿ.

ಈಗ ನನಗೆ ಬಹಳ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ನಾವು ಬಿಸಿಲು ಎಂದೊಡನೆ ವಿಟಮಿನ್ ಡಿ ಎಂದು ಅನುವಾದಿಸಿಕೊಂಡುಬಿಟ್ಟಿದ್ದೇವೆ. ಬಿಸಿಲು ದೇಹದೊಳಗೆ ಇಳಿಯುವುದು ಎರಡು ದಾರಿಯಲ್ಲಿ. ಚರ್ಮದ ದಾರಿಯಲ್ಲಿ ಇಳಿದದ್ದು ವಿಟಮಿನ್ ಡಿ ಆಗುತ್ತದೆ. ಕಣ್ಣಿನ ದಾರಿಯಲ್ಲಿ ಇಳಿದದ್ದು ಬೇರೆಯೇ ಕೆಲಸ ಮಾಡುತ್ತದೆ.

ರೆಟಿನಾದಲ್ಲಿ ನೋಟಕ್ಕೆ ನೆರವಾಗುವ ರಾಡ್ ಮತ್ತು ಕೋನ್ ಕೋಶಗಳಿರುವುದನ್ನು ಶಾಲೆಯಲ್ಲಿ ಓದಿದ್ದೇವೆ. ಅಷ್ಟೇ ಎಂದುಕೊಂಡಿದ್ದರು ವಿಜ್ಞಾನಿಗಳೂ. 2002ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ಮೂರನೆಯ ಬಗೆಯ ಬೆಳಕುಗ್ರಾಹಿ ಕೋಶಗಳನ್ನು ತೋರಿಸಿದರು. ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಗ್ಯಾಂಗ್ಲಿಯಾನ್ ಕೋಶಗಳಿವು. ಮಿದುಳಿಗೆ ಸಂದೇಶ ಒಯ್ಯುವ ಸುಮಾರು ಹತ್ತು ಲಕ್ಷ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಇವು ಕೆಲವೇ ಸಾವಿರ. ಹಗಲಿನ ಬೆಳಕಿನಲ್ಲಿ ಧಾರಾಳವಾಗಿರುವ ನೀಲಿಗೆ ಇವು ಹೆಚ್ಚು ಸ್ಪಂದಿಸುತ್ತವೆ. ಚಿತ್ರ ಮೂಡಿಸುವುದು ಇವುಗಳ ಮುಖ್ಯ ಕೆಲಸವಲ್ಲ. ಹೊರಗೆ ಹಗಲಾಗಿದೆಯೇ, ಎಷ್ಟು ಬೆಳಕಿದೆ ಎಂದು ಮಿದುಳಿನ ಗಡಿಯಾರಕ್ಕೂ, ಮನಸ್ಥಿತಿಯನ್ನು ನಿಯಂತ್ರಿಸುವ ಭಾಗಗಳಿಗೂ ಇವು ಸುದ್ದಿ ಮುಟ್ಟಿಸುತ್ತವೆ. ಕಣ್ಣಿನಿಂದ ಮನಸ್ಸಿಗೆ ನೇರ ತಂತಿಯಿದೆ ಎಂದು ನಾನು ಹೇಳುವಾಗ ಅದು ಕವಿಯ ಮಾತಲ್ಲ, ಅಂಗರಚನೆ.

ಕೋಣೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ನೂರರಿಂದ ಐನೂರು ಲಕ್ಸ್; ಲಕ್ಸ್ ಎಂದರೆ ಬೆಳಕನ್ನು ಅಳೆಯುವ ಮಾನ. ಹೊರಗೆ ಮರದ ನೆರಳಿನಲ್ಲಿ ನಿಂತರೂ ಕೆಲವು ಸಾವಿರ. ನಡುಹಗಲ ಬಯಲಿನಲ್ಲಿ ಒಂದು ಲಕ್ಷದವರೆಗೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಲ್ಲಿ ಎಷ್ಟು ಚತುರ ಎಂದರೆ ಈ ಅಂತರ ನಮಗೆ ತಿಳಿಯುವುದೇ ಇಲ್ಲ. ಮೆಲನಾಪ್ಸಿನ್ ಕೋಶಗಳಿಗೆ ತಿಳಿಯುತ್ತದೆ.

1984ರಲ್ಲಿ ಅಮೆರಿಕದ ನಾರ್ಮನ್ ರೊಸೆಂಥಾಲ್ ಮತ್ತು ಸಂಗಡಿಗರು, ಚಳಿಗಾಲದಲ್ಲಿ ಮಾತ್ರ ಬರುವ ಖಿನ್ನತೆಯನ್ನು ವಿವರಿಸಿ, ಪ್ರಖರ ದೀಪದ ಬೆಳಕಿನಿಂದ ಅದು ಇಳಿಯುತ್ತದೆಂದು ತೋರಿಸಿದರು. ಋತುವಿಗೆ ಸಂಬಂಧವಿಲ್ಲದ ಖಿನ್ನತೆಯ ಮೇಲೆ ಕೆನಡಾದಲ್ಲಿ ನಡೆದ 122 ಜನರ ಪ್ರಯೋಗದ ವರದಿ 2016ರದು. ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್ ದೀಪದ ಮುಂದೆ ಎಂಟು ವಾರ ಕೂತವರು ಸುಧಾರಿಸಿದರು. ದೀಪದ ಜೊತೆ ಫ್ಲುಯಾಕ್ಸೆಟಿನ್ ಮಾತ್ರೆಯನ್ನೂ ತೆಗೆದುಕೊಂಡವರಲ್ಲಿ ಸುಧಾರಣೆ ಇನ್ನೂ ಚೆನ್ನಾಗಿತ್ತು. ಇಲ್ಲಿ ಗಮನಿಸಬೇಕಾದ್ದು ಇದು: ಇಂಥ ಚಿಕಿತ್ಸೆಯ ದೀಪಗಳಲ್ಲಿ ಯುವಿ ಕಿರಣವನ್ನು ಸೋಸಿ ತೆಗೆದಿರುತ್ತಾರೆ. ಅವುಗಳ ಮುಂದೆ ಕೂತರೆ ಒಂದು ಹನಿ ವಿಟಮಿನ್ ಡಿಯೂ ಹುಟ್ಟುವುದಿಲ್ಲ. ಆದರೂ ಮನಸ್ಸು ಮೇಲೇಳುತ್ತದೆ, ಬೆಳಕು ಕಣ್ಣಿನ ದಾರಿಯಲ್ಲಿ ಹೋಗಿರುವುದರಿಂದ.

ಮಕ್ಕಳ ಸಮೀಪದೃಷ್ಟಿಯಲ್ಲೂ ಇದೇ ಆಯಿತು. ಹೊರಗೆ ಆಡುವ ಮಕ್ಕಳಿಗೆ ಕನ್ನಡಕ ಕಡಿಮೆ ಎಂದು ಕಂಡಾಗ ಮೊದಲು ಎಲ್ಲರೂ ವಿಟಮಿನ್ ಡಿಯತ್ತ ಬೆರಳು ತೋರಿದರು. ಚೀನಾದ ಗುವಾಂಗ್‌ಜೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟರು. ಮೂರು ವರ್ಷಗಳಲ್ಲಿ ಆ ಶಾಲೆಗಳ ಶೇ 30.4 ಮಕ್ಕಳಿಗೆ ಸಮೀಪದೃಷ್ಟಿ ಬಂತು, ಉಳಿದ ಶಾಲೆಗಳಲ್ಲಿ ಶೇ 39.5 ಮಕ್ಕಳಿಗೆ. ಆದರೆ ಹುಟ್ಟಿನಿಂದಲೇ ಜೀನ್‌ಗಳ ಕಾರಣಕ್ಕೆ ವಿಟಮಿನ್ ಡಿ ಕಡಿಮೆ ಇರುವವರನ್ನು ಪರಿಶೀಲಿಸಿದಾಗ ಅವರಲ್ಲಿ ಸಮೀಪದೃಷ್ಟಿ ಹೆಚ್ಚಿರಲಿಲ್ಲ. ಪ್ರಖರ ಬೆಳಕು ರೆಟಿನಾದಲ್ಲಿ ಡೋಪಮೈನ್ ಎಂಬ ನರಸಂದೇಶದ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ, ಅದು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯದಂತೆ ತಡೆಯುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

ಅಂದರೆ ರಕ್ತದ ವರದಿಯಲ್ಲಿರುವ ವಿಟಮಿನ್ ಡಿ ಅಂಕಿ ಬಹಳ ಸಲ ಬೇರೊಂದನ್ನು ಹೇಳುತ್ತಿರುತ್ತದೆ: ಈ ವ್ಯಕ್ತಿ ಹೊರಗೆ ಓಡಾಡುತ್ತಿಲ್ಲ, ಹಗಲನ್ನು ನೋಡುತ್ತಿಲ್ಲ, ಒಬ್ಬರೇ ಕೂತಿದ್ದಾರೆ, ಅಥವಾ ದೇಹದಲ್ಲೆಲ್ಲೋ ಉರಿಯೂತವಿದೆ. ಪುಡಿಯ ಪೊಟ್ಟಣ ಆ ಅಂಕಿಯನ್ನು ಏರಿಸುತ್ತದೆ. ಉಳಿದ ಯಾವುದನ್ನೂ ಮುಟ್ಟುವುದಿಲ್ಲ.

ಪೊಟ್ಟಣದ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು 60,000 ಐಯುವಿನದು. ಅದು ವಾರಕ್ಕೊಂದರಂತೆ, ಕೆಲವು ವಾರಗಳ ಮಟ್ಟಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಬೇಕಿರುವುದು 600 ಐಯು. ವಾರಕ್ಕೊಂದನ್ನು ದಿನಕ್ಕೊಂದು ಎಂದು ತಿಳಿದು ತಿಂಗಳುಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಮೂತ್ರಪಿಂಡಕ್ಕೆ ಪೆಟ್ಟು. ಅದರ ಜೊತೆಗೆ ಮನಸ್ಸು ಕುಗ್ಗುತ್ತದೆ, ಗೊಂದಲವಾಗುತ್ತದೆ. ಬಹಳ ದಿನ ಹಾಗೆಯೇ ಉಳಿದರೆ ಕಾರ್ನಿಯಾದ ನಡುವೆ ಅಡ್ಡಲಾಗಿ ಸುಣ್ಣದ ಪಟ್ಟೆ ಕಟ್ಟಿಕೊಳ್ಳುತ್ತದೆ. ಬ್ಯಾಂಡ್ ಕೆರಟೋಪತಿ ಎನ್ನುತ್ತೇವೆ. ಮನಸ್ಸಿಗೂ ಕಣ್ಣಿಗೂ ಒಳ್ಳೆಯದಾಗಲೆಂದು ತೆಗೆದುಕೊಂಡದ್ದು ಎರಡನ್ನೂ ಕೆಡಿಸಿದಂತಾಗುತ್ತದೆ. ಚೀಟಿಯಲ್ಲಿ ವಾರಕ್ಕೊಂದು ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ.

ಕೊನೆಯದಾಗಿ, ಕಣ್ಣಿನಿಂದ ಖಿನ್ನತೆಗೆ ಹೋಗುವ ನಂಟು. ಆ ನಾಲ್ಕರ ನಡುವಿನ ನಂಟುಗಳಲ್ಲಿ ಇದು ಎಲ್ಲಕ್ಕಿಂತ ಗಟ್ಟಿ, ನಾವು ಎಲ್ಲಕ್ಕಿಂತ ಕಡಿಮೆ ಮಾತನಾಡುವುದೂ ಇದರ ಬಗ್ಗೆಯೇ. ದೃಷ್ಟಿ ಕುಂದಿ ಕಣ್ಣಿನ ಆಸ್ಪತ್ರೆಗೆ ಬರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯಿದೆ ಎಂದು ಹಲವು ದೇಶಗಳ ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ. ಮ್ಯಾಕ್ಯುಲಾ ಸವೆದವರಿಗೆ ಎದುರಿಗಿರುವವರ ಮುಖವೇ ಕಾಣುವುದಿಲ್ಲ. ಮದುವೆ ಮನೆಗೆ ಹೋದರೆ ಗುರುತು ಹಿಡಿಯದೆ ಮುಜುಗರವಾಗುತ್ತದೆಂದು ಹೋಗುವುದನ್ನೇ ಬಿಡುತ್ತಾರೆ. ಪತ್ರಿಕೆ ಓದುವುದು ನಿಲ್ಲುತ್ತದೆ, ದೇವಸ್ಥಾನ ನಿಲ್ಲುತ್ತದೆ, ಹೊರಗಿನ ಬಿಸಿಲೂ ನಿಲ್ಲುತ್ತದೆ. ವಯಸ್ಸಾಯಿತಲ್ಲ, ಸಹಜ ಎಂದು ಮನೆಯವರು ಸುಮ್ಮನಾಗುತ್ತಾರೆ. ಸಹಜವಲ್ಲ.

ಇದಕ್ಕೆ ಪರಿಹಾರ ಇದೆ ಎಂಬುದನ್ನು ಫಿಲಡೆಲ್ಫಿಯಾದಲ್ಲಿ 188 ಮ್ಯಾಕ್ಯುಲಾ ರೋಗಿಗಳ ಮೇಲೆ ನಡೆದ ಪ್ರಯೋಗ 2014ರಲ್ಲಿ ತೋರಿಸಿತು. ಒಂದು ಗುಂಪಿನವರ ಮನೆಗೆ ತರಬೇತಾದವರು ಹೋಗಿ, ಭೂತಗನ್ನಡಿ ಮತ್ತು ದೀಪ ಬಳಸುವುದನ್ನು ಕಲಿಸಿದರು. ಅದರ ಜೊತೆಗೆ, ಬಿಟ್ಟುಬಿಟ್ಟಿದ್ದ ಇಷ್ಟದ ಕೆಲಸಗಳಲ್ಲಿ ಒಂದೊಂದನ್ನೇ ಮತ್ತೆ ಹಿಡಿಯಲು ನೆರವಾದರು. ಇನ್ನೊಂದು ಗುಂಪಿಗೆ ಕನ್ನಡಿ ದೀಪದ ಜೊತೆ ಸಾಂತ್ವನದ ಮಾತುಗಳಷ್ಟೇ. ನಾಲ್ಕು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ 12.6 ಜನರಿಗೆ ಖಿನ್ನತೆ ಬಂದಿತ್ತು, ಎರಡನೆಯದರಲ್ಲಿ ಶೇ 23.4 ಜನರಿಗೆ. ಹೆಚ್ಚುಕಡಿಮೆ ಅರ್ಧಕ್ಕರ್ಧ ಇಳಿತ! ಯಾವ ವಿಟಮಿನ್ನೂ ಇಂಥ ಫಲಿತಾಂಶ ಕೊಟ್ಟಿಲ್ಲ. ನಮ್ಮ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಲೇ ಇದ್ದಾರೆ. ದೃಷ್ಟಿ ಕುಂದಿದವರಿಗಾಗಿ ಇಂಥದೊಂದು ತರಬೇತಿ ಅವರಿಗೆ ಸಿಗಬೇಕು, ಅದಕ್ಕೆ ತಕ್ಕ ಸಂಭಾವನೆಯೂ ಸಿಗಬೇಕು ಎಂಬುದು ನನ್ನ ಬಲವಾದ ಆಗ್ರಹ. ಹಾಗೆಯೇ ಕಣ್ಣಿನ ಪೊರೆ ಬಲಿಯಲಿ ಎಂದು ಅಜ್ಜ ಅಜ್ಜಿಯರನ್ನು ವರ್ಷಗಟ್ಟಲೆ ಮಬ್ಬಿನಲ್ಲಿ ಕೂರಿಸಬೇಡಿ. ಹಳದಿಗಟ್ಟಿದ ಮಸೂರ ನೋಟವನ್ನಷ್ಟೇ ಅಲ್ಲ, ನಾನು ಹೇಳಿದ ಆ ನೀಲಿ ಬೆಳಕನ್ನೂ ತಡೆಯುತ್ತದೆ.

ಪ್ರಶ್ನೋತ್ತರ

ಹಿರಿಯರೊಬ್ಬರು ಕೇಳಿದರು: "ಬೆಳಗಿನ ಸೂರ್ಯನನ್ನು ನೇರವಾಗಿ ದಿಟ್ಟಿಸಿದರೆ ಕಣ್ಣಿಗೂ ಮನಸ್ಸಿಗೂ ಒಳ್ಳೆಯದು ಎನ್ನುತ್ತಾರಲ್ಲ?"

ದಯವಿಟ್ಟು ಬೇಡ. ಸೂರ್ಯನನ್ನು ದಿಟ್ಟಿಸಿದರೆ ರೆಟಿನಾದ ನಡುಭಾಗ ಸುಟ್ಟು ನೋಟದ ಮಧ್ಯೆ ಶಾಶ್ವತವಾದ ಕಪ್ಪುಚುಕ್ಕೆ ಉಳಿಯಬಹುದು. ಬೆಳಕಿರುವ ಜಾಗದಲ್ಲಿ ಓಡಾಡಿದರೆ ಸಾಕು, ಸೂರ್ಯನ ಕಡೆಗೆ ನೋಡಬೇಕಾಗಿಯೇ ಇಲ್ಲ. ಬೆಳಗಿನ ಹೊತ್ತು ಜಗಲಿಯಲ್ಲಿ ಕುಳಿತು ಕಾಫಿ ಕುಡಿದರೂ ಕಣ್ಣಿಗೆ ಬೇಕಾದ ಬೆಳಕು ಸಿಗುತ್ತದೆ. ವಿಟಮಿನ್ ಡಿಗಾದರೆ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು, ತೋಳು ಕಾಲಿಗೆ ಬಿಸಿಲು ಬೀಳಬೇಕು. ಗಾಜಿನ ಕಿಟಕಿಯ ಹಿಂದೆ ಕುಳಿತರೆ ಬರುವುದಿಲ್ಲ, ಯುವಿ-ಬಿ ಗಾಜನ್ನು ದಾಟುವುದಿಲ್ಲ.

ಒಬ್ಬ ತಾಯಿ: "ನನ್ನ ಮಗ ಕೆನಡಾದಲ್ಲಿದ್ದಾನೆ. ಚಳಿಗಾಲದಲ್ಲಿ ಫೋನಿನಲ್ಲೂ ಮಂಕಾಗಿ ಮಾತನಾಡುತ್ತಾನೆ."

ಅಲ್ಲಿಯ ಲೆಕ್ಕವೇ ಬೇರೆ. ಕರ್ನಾಟಕದಲ್ಲಿ ವರ್ಷವಿಡೀ ಬಿಸಿಲಿಗೆ ವಿಟಮಿನ್ ಡಿ ಹುಟ್ಟಿಸುವ ಶಕ್ತಿಯಿದೆ. ಕೆನಡಾದ ಎಡ್ಮಂಟನ್‌ನಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಿದ್ದರೂ ಚರ್ಮದಲ್ಲಿ ಅದು ಹುಟ್ಟುವುದಿಲ್ಲ ಎಂದು 1988ರಲ್ಲೇ ತೋರಿಸಿದ್ದಾರೆ. ನಮ್ಮ ಕಂದು ಚರ್ಮಕ್ಕೆ ಇನ್ನೂ ಹೆಚ್ಚು ಬಿಸಿಲು ಬೇಕು. ಅಲ್ಲಿರುವವರು ಚಳಿಗಾಲದಲ್ಲಿ ದಿನದ ಸಣ್ಣ ಪ್ರಮಾಣದ ವಿಟಮಿನ್ ತೆಗೆದುಕೊಳ್ಳುವುದು ಒಳ್ಳೆಯದು. ಆದರೆ ಪ್ರತಿ ಚಳಿಗಾಲದಲ್ಲೂ ಮಂಕು ಮರುಕಳಿಸುತ್ತಿದ್ದರೆ ಅದಕ್ಕೆ ಬೆಳಕಿನ ಚಿಕಿತ್ಸೆ ಇದೆ, ಅಲ್ಲಿಯ ವೈದ್ಯರನ್ನು ಕೇಳಲು ಹೇಳಿ.

"ಊಟದಲ್ಲಿ ಏನಿರಬೇಕು?" ಕರಾವಳಿಯವರಿಗೆ ಬೂತಾಯಿ, ಬಂಗುಡೆ ಇವೆ, ವಿಟಮಿನ್ ಡಿ ಚೆನ್ನಾಗಿರುವ ಮೀನುಗಳು. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ. ಸಸ್ಯಾಹಾರಿಗಳಿಗೆ ಊಟದಿಂದ ಸಿಗುವುದು ಬಹಳ ಕಡಿಮೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ವಿಟಮಿನ್ ಡಿ ಇಲ್ಲ. ಮೀನೆಣ್ಣೆಯ ಒಮೆಗಾ-3 ಗುಳಿಗೆಯಿಂದ ಒಣಗಣ್ಣು ಹೋಗುತ್ತದೆಯೇ ಎಂದೂ ಕೇಳಿದಿರಿ. 2018ರಲ್ಲಿ ಪ್ರಕಟವಾದ ಡ್ರೀಮ್ ಎಂಬ ಪ್ರಯೋಗದಲ್ಲಿ ವರ್ಷವಿಡೀ ದಿನಕ್ಕೆ 3 ಗ್ರಾಂ ಕೊಟ್ಟು ನೋಡಿದರು. ಆಲಿವ್ ಎಣ್ಣೆಯ ಗುಳಿಗೆ ನುಂಗಿದವರಿಗಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ಮೀನು ತಿನ್ನುವವರು ತಿನ್ನಿ, ಗುಳಿಗೆಗೆ ದುಡ್ಡು ಸುರಿಯಬೇಕಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಚೀಟಿಯಲ್ಲಿ ಬಂತು: "ಖಿನ್ನತೆಯ ಮಾತ್ರೆ ಶುರು ಮಾಡಿದ ಮೇಲೆ ಕಣ್ಣು ಮಂಜಾಗುತ್ತಿದೆ. ನಿಲ್ಲಿಸಿಬಿಡಲೇ?"

ನೀವಾಗಿಯೇ ನಿಲ್ಲಿಸಬೇಡಿ. ಆರಂಭದ ದಿನಗಳ ಸಣ್ಣ ಮಂಜು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಕಣ್ಣು ವಿಪರೀತ ನೋಯುತ್ತಿದ್ದರೆ, ಕೆಂಪಾಗಿದ್ದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ವಾಂತಿಯಾದರೆ, ಅದೇ ದಿನ ಕಣ್ಣಿನ ಆಸ್ಪತ್ರೆಗೆ ಓಡಿ. ಪಾಪೆ ಹಿಗ್ಗುವುದರಿಂದ, ಕಣ್ಣಿನೊಳಗಿನ ನೀರು ಹೊರಹರಿಯುವ ಕೋನ ಕಿರಿದಾಗಿರುವ ಕೆಲವರಿಗೆ ಒತ್ತಡ ಹಠಾತ್ತನೆ ಏರಿ ಗ್ಲಾಕೋಮಾ ಆಗಬಹುದು. ಕೋನ ಕಿರಿದಿದೆಯೇ ಎಂದು ನಾವು ಮೊದಲೇ ನೋಡಿ ಹೇಳಬಲ್ಲೆವು, ಅಗತ್ಯವಿದ್ದರೆ ಲೇಸರ್‌ನಿಂದ ಸಣ್ಣ ರಂಧ್ರ ಮಾಡಿ ಅಪಾಯವನ್ನು ತಗ್ಗಿಸಬಲ್ಲೆವು. ಆಮೇಲೆ ಖಿನ್ನತೆಯ ಚಿಕಿತ್ಸೆಯನ್ನು ಮುಂದುವರಿಸಲು ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಹಾಗೆಯೇ ಯುವಿಯೈಟಿಸ್‌ಗೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ನಿದ್ದೆ ಕೆಟ್ಟರೆ, ವಿನಾಕಾರಣ ಅಳು ಬಂದರೆ, ಅದನ್ನು ಕಣ್ಣಿನ ಡಾಕ್ಟರಿಗೇ ಹೇಳಬೇಕು. ಆ ಮಾತ್ರೆ ಮನಸ್ಸನ್ನು ಕದಡುತ್ತದೆ, ಪ್ರಮಾಣ ಹೆಚ್ಚಿದ್ದಷ್ಟೂ ಹೆಚ್ಚು. ಅದನ್ನೂ ಒಮ್ಮೆಲೇ ನಿಲ್ಲಿಸುವಂತಿಲ್ಲ.

ಚೀಟಿ ಬರೆದವರಿಗೆ, ಬರೆಯದೆ ಕೂತಿರುವವರಿಗೂ: ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಖಿನ್ನತೆಯಿದ್ದ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಡಾಕ್ಟರ ಬಳಿಗೆ ಹೋಗಲು ಇನ್ನೂ ಮನಸ್ಸಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ.